ಮೂಲೆ ಬಿಡದ ಡಲ್ಸಿ

ಡಲ್ಸಿ ಟ್ರೆಗೆನ್ಜಾಳ ಬಗ್ಗೆ ಬರೆಯುತ್ತೇನೆ ಅಂದಾಗ ನನ್ನ ಹೆಂಡತಿ ಗ್ವೆನ್ ಪಾತ್ರೆ ಒರೆಸುವುದನ್ನು ನಿಲ್ಲಿಸಿ ನಕ್ಕಳು.

"ನಿಂಗೆ ಬರೆಯಕ್ಕೆ ಬರೋದು ಒಂದೇ ಸಾಲು ಕ್ಲೆಮ್. ಗ್ಯಾರೇಜಿನ ಬಾಗಿಲ ಮೇಲೆ 'ಊಟಕ್ಕೆ ಹೋಗಿದ್ದೇನೆ' ಅಂತ."

ನಗಲಿ. ಅಡಿಲೇಡಿನಿಂದ ಎರಡು ಗಂಟೆ ದಾರಿಯ ಕಡಿನಾ ಊರಿನಲ್ಲಿ ಮೋಟಾರ್‌ಸೈಕಲ್ ರಿಪೇರಿ ಮಾಡಿಕೊಂಡೇ ತಲೆ ನೆರೆಸಿಕೊಂಡ ಈ ಕ್ಲೆಮ್ ರೊಡ್ಡಾ ಇವತ್ತು ಉಸಿರಾಡುತ್ತಿರುವುದು ಡಲ್ಸಿಯಿಂದ. ನಮ್ಮ ಕಡೆಯ ಗಂಡಸರು ಉಪಕಾರ ಮಾಡಿದವರಿಗೆ ಎದುರು ನಿಂತು ಏನೂ ಹೇಳುವುದಿಲ್ಲ. ಕೈಗೊಂದು ಬಿಯರ್ ಕೊಟ್ಟು, ಈ ಸಲ ಮಳೆ ಹೇಗೋ ಏನೋ ಅನ್ನುತ್ತಾರೆ. ಜೀವ ಉಳಿಸಿದವಳಿಗೆ ಒಂದು ಬಿಯರ್ ಸಾಲದು, ಅದಕ್ಕೇ ಬರೆಯಲು ಕೂತಿದ್ದೇನೆ.

ಡಲ್ಸಿ ಊರಿನ ಅಂಚೆಯವಳು. ಅಂಚೆಯವರಿಗೆ ಕೊಡುತ್ತಿದ್ದ ಆ ಪುಟ್ಟ ಕೆಂಪು ಮೋಟಾರ್‌ಸೈಕಲ್ ಮೇಲೆ ಅರ್ಧ ಆಯುಷ್ಯ ಕಳೆದಳು. ಮನೆ ಗೇಟಿನ ಅಂಚೆ ಡಬ್ಬಿಯ ಮುಂದೆ ನಿಲ್ಲು, ಬಾಗು, ಕಾಗದ ತುರುಕು, ಹೊರಡು, ಪಕ್ಕದ ಮನೆಯ ಮುಂದೆ ಮತ್ತೆ ನಿಲ್ಲು. ವಸಂತ ಬಂತೆಂದರೆ ಮರಿ ಮಾಡಿದ ಮ್ಯಾಗ್‌ಪೈ ಹಕ್ಕಿಗಳು ತಲೆಗೆ ಎರಗುತ್ತವೆಂದು ಹೆಲ್ಮೆಟ್ಟಿನ ತುಂಬ ಪ್ಲಾಸ್ಟಿಕ್ ಕಡ್ಡಿ ನೆಟ್ಟುಕೊಂಡು ಮುಳ್ಳುಹಂದಿಯ ಹಾಗೆ ಬರುತ್ತಿದ್ದಳು. ಆಳು ಕುಳ್ಳಿ, ನನ್ನ ಭುಜಕ್ಕೂ ಬರುವುದಿಲ್ಲ. ಬಾಯಿ ಮಾತ್ರ ಉದ್ದ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ನಂದೊಂದು ಗಾಡಿ ಇದೆ, ಅದು ಗೊರಕೆ ಹೊಡೆಯಲ್ಲ" ಅನ್ನುತ್ತಿದ್ದಳು.

ಆ ಗಾಡಿಯ ಕತೆ ಶುರುವಾಗಿದ್ದು ನನ್ನ ಗ್ಯಾರೇಜಿನಲ್ಲೇ. ಎಂಬತ್ತರ ದಶಕದ ಕೊನೆ. ಚೀಲ ಖಾಲಿ ಮಾಡಿಕೊಂಡು ಒಂದು ಮಧ್ಯಾಹ್ನ ಬಂದು ನಿಂತಳು.

"ಕ್ಲೆಮ್, ನಂಗೊಂದು ಗಾಡಿ ಬೇಕು."

"ಇದೆಯಲ್ಲೇ ಒಂದು?"

"ಇದು ಗೇಟಿಗೊಂದು ಸಲ ನಿಲ್ಲುತ್ತೆ. ನಂಗೆ ನಿಲ್ಲದೇ ಹೋಗೋದು ಬೇಕು. ಸಮುದ್ರ ಕಾಣೋತನಕ."

ದೊಡ್ಡ ಗಾಡಿಗಳ ಮೇಲೆ ಹತ್ತಿಸಿ ನೋಡಿದೆ. ಕಾಲು ನೆಲಕ್ಕೆ ಎಟುಕದೆ ಕುದುರೆ ಮೇಲೆ ಕೂರಿಸಿದ ಮಗುವಿನ ಹಾಗೆ ಕಾಣುತ್ತಿದ್ದಳು. ಮೂಲೆಯಲ್ಲಿ ಜಪಾನಿನಿಂದ ಹೊಸದಾಗಿ ಬಂದ ಒಂದು ಕ್ರೂಸರ್ ನಿಂತಿತ್ತು. ಐನೂರು ಚಿಲ್ಲರೆ ಸಿಸಿ, ಎರಡು ಸಿಲಿಂಡರು ಇಂಗ್ಲಿಷಿನ ವಿ ಅಕ್ಷರದ ಹಾಗೆ ಕವಲೊಡೆದದ್ದು, ಸೀಟು ಮೊಣಕಾಲಿಗಿಂತ ಸ್ವಲ್ಪ ಮೇಲೆ. ಚೈನಿಲ್ಲ, ಹಿಂದಿನ ಚಕ್ರ ತಿರುಗಿಸಲು ಶಾಫ್ಟು. ಕಣ್ಣಿಗೆ ಕಾಣುವ ಟ್ಯಾಂಕು ಬರೀ ಮುಚ್ಚಳ, ಪೆಟ್ರೋಲು ಸೀಟಿನ ಕೆಳಗೆ, ಹಾಗಾಗಿ ಭಾರವೆಲ್ಲ ತಳದಲ್ಲಿ. ಡಲ್ಸಿ ಕೂತಳು. ಎರಡೂ ಪಾದ ಸಪಾಟಾಗಿ ನೆಲಕ್ಕೆ ಊರಿದವು. ಇಳಿಯದೆ, ಕೂತಲ್ಲಿಂದಲೇ ಬೆಲೆ ಕೇಳಿದಳು.

ಹತ್ತು ಹನ್ನೆರಡು ವರ್ಷ ಅದನ್ನು ಓಡಿಸಿ, ಆಮೇಲೆ ಆರುನೂರೈವತ್ತರದ್ದು ತಗೊಂಡಳು. ಅದಕ್ಕೆ ಅಸಲಿ ಟ್ಯಾಂಕು, ಟ್ಯಾಂಕಿನ ಬೆನ್ನಿನ ಮೇಲೆ ಸ್ಪೀಡೋಮೀಟರು, ಅಗಲವಾದ ಮಡ್‌ಗಾರ್ಡು, ಹೊಳೆಯುವ ಕ್ರೋಮು. ಬೆಳಿಗ್ಗೆ ಚೋಕ್ ಎಳೆದು ಅದು ಗಂಟಲು ಸರಿಮಾಡಿಕೊಳ್ಳುವವರೆಗೂ ಕಾಯಬೇಕು. ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳಿಲ್ಲ. ಗಾಡಿ ಕೆಮ್ಮಿದರೆ ಎಡಗೈ ಕೆಳಗೆ ಹಾಕಿ ನಲ್ಲಿಯನ್ನು ರಿಸರ್ವಿಗೆ ತಿರುಗಿಸಬೇಕು. ಓಡುವ ಗಾಡಿಯಲ್ಲಿ ಆ ನಲ್ಲಿಯನ್ನು ತಡಕಾಡುತ್ತಾ ಅವಳು ಬೈಯುತ್ತಿದ್ದ ಬೈಗುಳಗಳನ್ನು ಪಾದ್ರಿಯವರೂ ಕೇಳಿಸಿಕೊಂಡಿದ್ದಾರೆ.

ಮೂರನೆಯದು ಅವಳು ಅಂಚೆ ಕೆಲಸದಿಂದ ನಿವೃತ್ತಳಾದ ಮೇಲೆ. ಅದೂ ಆರುನೂರೈವತ್ತೇ, ಆದರೆ ಕಾಲ ಬದಲಾಗಿತ್ತು. ಚೋಕ್ ಹೋಯಿತು, ಕಾರ್ಬುರೇಟರ್ ಹೋಯಿತು, ಶಾಫ್ಟಿನ ಬದಲು ಚೈನು ಬಂತು, ನೀರಿನಿಂದ ತಣ್ಣಗಾಗುವ ಇಂಜಿನ್ನು, ಗುಂಡಿ ಒತ್ತಿದರೆ ಚಳಿಗಾಲದಲ್ಲೂ ಮೊದಲ ಸಲಕ್ಕೇ ಸ್ಟಾರ್ಟು. ಚಕ್ರ ಜಾರದ ಹಾಗೆ ತಡೆಯುವ ಬ್ರೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕಾಲಿಡುವ ಪೆಗ್ಗುಗಳನ್ನು ಸವಾರರ ಕಾಲಿನ ಅಳತೆಗೆ ಹಿಂದೆ ಮುಂದೆ ಮಾಡಬಹುದಿತ್ತು. ವರ್ಷಗಟ್ಟಲೆ ಒಂದೇ ಕಡೆಗೆ ಬಾಗಿ ಬಾಗಿ ಅವಳ ಸೊಂಟ ಹಾಳಾಗಿತ್ತು. ನಾನು ಪೆಗ್ಗನ್ನು ಹತ್ತಿರಕ್ಕೆ ತಂದು ಬಿಗಿದಾಗ ಡಲ್ಸಿ ಕೂತು ಕಣ್ಣು ಮುಚ್ಚಿದಳು.

"ನನ್ನ ಸೊಂಟದ ಮಾತು ಕೇಳೋ ಮೊದಲನೇ ಪ್ರಾಣಿ ಇದು" ಅಂದಳು.

"ಸದ್ದು ಮಾತ್ರ ಹೊಲಿಗೆ ಮಿಷನ್ ಥರ ಇದೆ."

"ಹೊಲಿಗೆ ಮಿಷನ್ ಆದ್ರೂ ಕೆಲಸ ಮಾಡುತ್ತೆ ಕಣೋ. ನಿನ್ನ ಗಾಡಿ ಬರೀ ಗುಡುಗುತ್ತೆ."

ನನ್ನದು ಸಾವಿರದೆಂಟುನೂರು ಸಿಸಿಯ ಅಮೆರಿಕದ ಗಾಡಿ. ನಮ್ಮ ಬಾರ್ಲಿ ಕ್ಲಬ್ಬಿನ, ಅಂದರೆ ಊರಿನ ಮೋಟಾರ್‌ಸೈಕಲ್ ಸಂಘದ, ಗಂಡಸರದೆಲ್ಲ ಹೆಚ್ಚುಕಮ್ಮಿ ಅಂಥವೇ. ಡಲ್ಸಿಯ ಗಾಡಿಯನ್ನು ಕಲಿಯುವ ಹುಡುಗರ ಗಾಡಿ ಅಂತ ಕಾಲೆಳೆಯುತ್ತಿದ್ದೆವು. ಲರ್ನರ್ ಲೈಸೆನ್ಸಿನವರಿಗೂ ನಮ್ಮಲ್ಲಿ ಅದನ್ನು ಓಡಿಸಲು ಅನುಮತಿ ಇದೆ, ಅದಕ್ಕೇ. ಅವಳು ಸೊಪ್ಪು ಹಾಕುತ್ತಿರಲಿಲ್ಲ. ನಾವು ಪೆಟ್ರೋಲ್ ಬಂಕಿನಲ್ಲಿ ಗಾಡಿ ಹಿಂದಕ್ಕೆ ತಳ್ಳಲಾಗದೆ ಏದುಸಿರು ಬಿಡುವಾಗ ಅವಳು ನಮ್ಮ ನಡುವೆಯೇ ನುಣುಚಿಕೊಂಡು ಹೋಗಿ ಬೇಕರಿಯ ಮುಂದೆ ನಿಂತಿರುತ್ತಿದ್ದಳು.

ಕ್ಲಬ್ಬಿನ ಸವಾರಿಗೆ ಒಂದು ಕಟ್ಟಳೆ ಇದೆ. ಎಲ್ಲರ ಮುಂದೆ ನಾಯಕ. ನಮ್ಮ ನಾಯಕ ಆರೂವರೆ ಅಡಿಯ ಮನುಷ್ಯ, ಹಾಗಾಗಿ ನಾವಿಟ್ಟ ಹೆಸರು ಶಾರ್ಟಿ, ಅಂದರೆ ಕುಳ್ಳ. ರಸ್ತೆ ತಿರುಗುವ ಕಡೆಯೆಲ್ಲ ನಾಯಕನ ಹಿಂದಿನವನು ಗಾಡಿ ನಿಲ್ಲಿಸಿ, ಹಿಂದೆ ಬರುವವರಿಗೆ ಕೈ ತೋರಿಸುತ್ತಾ ಮೂಲೆಯಲ್ಲೇ ನಿಲ್ಲಬೇಕು. ಎಲ್ಲರೂ ದಾಟಿ, ಕಿತ್ತಳೆ ಬಣ್ಣದ ಅಂಗಿ ತೊಟ್ಟ ಕೊನೆಯ ಸವಾರ ಬಂದ ಮೇಲಷ್ಟೇ ಅವನು ಮೂಲೆ ಬಿಡಬಹುದು. ಯಾರ ಗಾಡಿ ಕೆಟ್ಟರೂ ರಿಪೇರಿ ಮಾಡಲಿ ಅಂತ ಕೊನೆಯ ಸವಾರ ಯಾವಾಗಲೂ ನಾನೇ.

ಮೂಲೆ ಕಾಯುವ ಕೆಲಸ ಸರದಿಯದ್ದು. ಆದರೆ ನೆರಳಿಲ್ಲದ ಮೂಲೆ, ನೊಣ ಮುತ್ತುವ ಮೂಲೆ ಹತ್ತಿರ ಬಂದಾಗ ನಮ್ಮ ವೀರರೆಲ್ಲ ಒಬ್ಬೊಬ್ಬರಾಗಿ ನಿಧಾನಿಸಿ, ಶಾರ್ಟಿಯ ಹಿಂದೆ ಡಲ್ಸಿಯೇ ಉಳಿಯುವ ಹಾಗೆ ಮಾಡುತ್ತಿದ್ದರು. ನಿಲ್ಲದ ಗಾಡಿ ಬೇಕು ಅಂದವಳನ್ನು ನಾವು ಮತ್ತೆ ಮೂಲೆ ಮೂಲೆಯಲ್ಲೂ ನಿಲ್ಲಿಸಿದೆವು. ಅವಳು ಬೈದುಕೊಂಡೇ ನಿಲ್ಲುತ್ತಿದ್ದಳು, ಸರಿಯಾಗಿ ನಿಲ್ಲುತ್ತಿದ್ದಳು.

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ನಮ್ಮ ಬೊಂಬೆ ಸವಾರಿ. ಬಡವರ ಮನೆಯ ಮಕ್ಕಳಿಗೆ ಹಂಚಲು ಒಬ್ಬೊಬ್ಬರೂ ಗಾಡಿಗೆ ಬೊಂಬೆ ಕಟ್ಟಿಕೊಂಡು ಕಡಿನಾದಿಂದ ಎಡಿತ್‌ಬರ್ಗಿನ ಸಮುದ್ರದ ದಂಡೆಯವರೆಗೆ ಹೋಗುತ್ತೇವೆ. ನಮ್ಮಲ್ಲಿ ಕ್ರಿಸ್‌ಮಸ್ ಅಂದರೆ ನಡುಬೇಸಿಗೆ. ಮೂರು ವರ್ಷದ ಹಿಂದಿನ ಆ ಭಾನುವಾರ ಬೆಳಿಗ್ಗೆಯೇ ಬಿಸಿಲು ಕೆಂಡದಂತಿತ್ತು. ಕೊಯ್ಲಿನ ಕಾಲ. ಬಾರ್ಲಿ ಕೊಯ್ದ ಹೊಲಗಳು ಆಕಾಶದ ಅಂಚಿನವರೆಗೂ ಬರೀ ಕೂಳೆ. ಶಾರ್ಟಿಯ ಹಿಂಬದಿಗೆ ಒಂದು ಜಿರಾಫೆ, ಡಲ್ಸಿಯ ಹ್ಯಾಂಡಲ್ಲಿಗೆ ಒಂದು ಪೆಂಗ್ವಿನ್, ನನ್ನ ಬೆನ್ನ ಹಿಂದೆ ಗ್ವೆನ್ ಆರಿಸಿ ಕೊಟ್ಟ ದೊಡ್ಡ ನೀಲಿ ಕರಡಿ. ಮಿನ್ಲಟನ್ ಊರು ದಾಟಿದ ಮೇಲೆ ಶಾರ್ಟಿ ಹೆದ್ದಾರಿ ಬಿಟ್ಟು ಸಣ್ಣ ರಸ್ತೆಗೆ ಇಳಿದ. ಮುಂದಿನ ತಿರುವಿನಲ್ಲಿ ಎಂದಿನಂತೆ ಡಲ್ಸಿ.

ನಮ್ಮ ಕಡೆ ತೂಕಡಿಕೆ ಹಲ್ಲಿ ಅಂತ ಇದೆ. ಮುಂಗೈಯಷ್ಟು ಉದ್ದ, ದಪ್ಪ ಬಾಲ, ಮೊಂಡು ಮೂತಿ, ಬಿಸಿಲು ಕಾಯಿಸಿಕೊಳ್ಳಲು ರಸ್ತೆಯ ಮೇಲೇ ಮಲಗುತ್ತದೆ. ಕಾಂಗರೂ ಅಡ್ಡ ಬಂದರೆ ಬೈಯುವ ನಾವು ಈ ಹಲ್ಲಿಗೆ ಮಾತ್ರ ಗಾಡಿ ನಿಲ್ಲಿಸಿ, ಎತ್ತಿ ಆಚೆ ಬಿಡುತ್ತೇವೆ. ಮಕ್ಕಳಾಗಿದ್ದಾಗಿನಿಂದ ಹಾಗೇ ಬೆಳೆದದ್ದು, ಬಿಡಲಾಗುವುದಿಲ್ಲ. ಆವತ್ತು ದಿಣ್ಣೆ ಇಳಿಯುತ್ತಿದ್ದ ಹಾಗೆ ಮುಂದಿನ ಚಕ್ರಕ್ಕೆ ಸರಿಯಾಗಿ ಒಂದು ಮಲಗಿತ್ತು. ತಿರುಗಿಸಿದೆ. ಮುಂದಿನ ಚಕ್ರ ಅಂಚಿನ ಜಲ್ಲಿಗೆ ಬಿತ್ತು. ಅಮೆರಿಕದ ಗುಡುಗು ನನ್ನನ್ನೂ ಎಳೆದುಕೊಂಡು ರಸ್ತೆಯ ಕೆಳಗಿನ ಹೊಲಕ್ಕೆ ಉರುಳಿತು. ನನ್ನ ಹಿಂದೆ ಯಾರೂ ಇರಲಿಲ್ಲ. ಕೊನೆಯವನ ಹಿಂದೆ ಯಾರಿರುತ್ತಾರೆ?

ತೊಡೆಯ ಮೂಳೆ ಮುರಿದಿತ್ತು, ಪಕ್ಕೆಲುಬುಗಳೂ. ಏಳಲು ನೋಡಿದೆ, ಜೀವ ಬಾಯಿಗೆ ಬಂತು. ಫೋನಿಗೆ ಆ ಕಡೆ ಸಿಗ್ನಲ್ಲೇ ಇಲ್ಲ. ಬಿದ್ದಲ್ಲಿಂದ ರಸ್ತೆ ಕಾಣುತ್ತಿರಲಿಲ್ಲ, ಅಂದರೆ ರಸ್ತೆಯಿಂದ ನಾನೂ ಕಾಣುತ್ತಿರಲಿಲ್ಲ. ಸೂರ್ಯ ನೆತ್ತಿಗೆ ಏರುತ್ತಿದ್ದ. ಬಾಯಲ್ಲಿ ಮಣ್ಣು. ಇಲ್ಲೇ ಮುಗಿಯಿತು ನನ್ನ ಕತೆ ಅಂದುಕೊಂಡೆ. ಹೆದರಿದೆ, ಮುಚ್ಚಿಡುವುದೇನು, ತುಂಬಾ ಹೆದರಿದೆ. ಗ್ವೆನ್ ಹೆಸರು ಹಿಡಿದು ಕೂಗಿದೆ ಅಂತ ನೆನಪು.

ಮೂಲೆಯಲ್ಲಿ ಏನಾಯಿತು ಅನ್ನುವುದನ್ನು ಆಮೇಲೆ ಶಾರ್ಟಿ ಆಸ್ಪತ್ರೆಯಲ್ಲಿ ನನಗೆ ಹೇಳಿದ. ಎಲ್ಲರೂ ಎಡಿತ್‌ಬರ್ಗ್ ಸೇರಿ, ಜಾಕೆಟ್ ಬಿಚ್ಚಿ, ಮಾಂಸ ತುಂಬಿದ ಬಿಸಿ ಪ್ಯಾಸ್ಟಿಗೆ ಸಾಸ್ ಸುರಿದುಕೊಂಡ ಮೇಲೆ, ಡಲ್ಸಿಯೂ ನಾನೂ ಬಂದಿಲ್ಲ ಅಂತ ಯಾರೋ ಅಂದರಂತೆ. ಆ ಹಾದಿಯಲ್ಲಿ ನನ್ನ ತಂಗಿಯ ಫಾರ್ಮ್ ಇದೆ. ಅದರ ಹಿಂದಿನ ವರ್ಷ ನಾನು ಅಡ್ಡದಾರಿ ಹಿಡಿದು ಅಲ್ಲಿ ಟೀ ಕುಡಿದು ಬಂದಿದ್ದೆ. ಕ್ಲೆಮ್ ಅಲ್ಲೇ ಕೂತಿರ್ತಾನೆ ಅಂತ ಎಲ್ಲರೂ ತೀರ್ಮಾನಿಸಿದರು. ಡಲ್ಸಿಯನ್ನು ಕರೆತರಲು ಶಾರ್ಟಿ ವಾಪಸು ಬಂದ.

ಅವಳು ಮೂಲೆಯಲ್ಲೇ ಇದ್ದಳು. ಬಿಸಿಲಿಗೆ ಟಾರು ಕರಗಿ ಸ್ಟ್ಯಾಂಡು ಹೂತುಕೊಳ್ಳದ ಹಾಗೆ ಅದರ ಕೆಳಗೆ ಬಿಯರಿನ ತಗಡು ಡಬ್ಬಿ ಚಪ್ಪಟೆ ಮಾಡಿ ಇಟ್ಟು, ನೀರಿನ ಬಾಟಲಿ ಖಾಲಿ ಮಾಡಿಕೊಂಡು, ಮುಖ ಸುಟ್ಟ ಬದನೆಕಾಯಿ ಮಾಡಿಕೊಂಡು ನಿಂತಿದ್ದಳಂತೆ.

"ನಡಿಯೇ ಡಲ್ಸಿ, ಪ್ಯಾಸ್ಟಿ ಆರಿಹೋಗ್ತಿದೆ. ಕ್ಲೆಮ್ ತಂಗಿ ಮನೇಲಿರ್ತಾನೆ."

"ನೋಡಿದ್ಯಾ?"

"ನೋಡೋದೇನು, ಅವನ ಬುದ್ಧಿ ಗೊತ್ತಿಲ್ವಾ?"

"ಕೊನೆಯವನು ಬಂದಿಲ್ಲ ಶಾರ್ಟಿ."

"ಬರಲ್ಲ ಅಂತ ತಾನೇ ಹೇಳ್ತಿರೋದು! ಈ ಬಿಸಿಲಲ್ಲಿ ಹುಚ್ಚು ಹಿಡಿದಿದೆಯಾ ನಿಂಗೆ? ನಾನು ನಾಯಕ, ನಾನೇ ಹೇಳ್ತಿದೀನಲ್ಲ, ಬಿಡು ಮೂಲೆ!"

"ಸರಿ. ನಾಯಕ ಆದ್ರೆ ಇಲ್ಲಿ ನೀನು ನಿಲ್ಲು. ನಾನು ಅವನನ್ನ ಹುಡುಕ್ಕೊಂಡು ಬರ್ತೀನಿ."

ಶಾರ್ಟಿ ಗೊಣಗಿದ. ಅವನೇ ಹೋಗಬಹುದಿತ್ತು, ಆದರೆ ಎಡಿತ್‌ಬರ್ಗಿನ ಕಡೆಗೆ ಆಗಲೇ ತಿರುಗಿಸಿ ನಿಲ್ಲಿಸಿದ್ದ ಅವನ ಗಾಡಿಯನ್ನು ಆ ಕಿರಿದಾದ ರಸ್ತೆಯಲ್ಲಿ ಮತ್ತೆ ತಿರುಗಿಸುವಷ್ಟರಲ್ಲಿ ಡಲ್ಸಿ ಒಂದೇ ಸುತ್ತಿಗೆ ತಿರುಗಿಸಿ ಹೊರಟಾಗಿತ್ತು. ನಿಧಾನ ಓಡಿಸಿದಳಂತೆ, ಅಂಚೆಯ ಗಾಡಿ ಓಡಿಸಿದಷ್ಟೇ ನಿಧಾನ. ದೊಡ್ಡ ಗಾಡಿಗಳು ಆ ವೇಗದಲ್ಲಿ ಹೋದರೆ ಓಲಾಡುತ್ತವೆ, ಬಿಸಿಯಾಗುತ್ತವೆ. ಆರುನೂರೈವತ್ತು ತಣ್ಣಗೆ ಹರಿದಾಡಿತು. ಅವಳು ಎರಡೂ ಅಂಚು ನೋಡುತ್ತಾ ಬಂದಳು. ದಿಣ್ಣೆಯ ಹತ್ತಿರ ಜಲ್ಲಿಯ ಮೇಲೆ ನೀಲಿ ಕರಡಿ ಅಂಗಾತ ಬಿದ್ದಿತ್ತು.

ಅವಳು ಮೊದಲು ಮಾಡಿದ ಕೆಲಸ ಗಾಡಿಯನ್ನು ರಸ್ತೆಯ ಮಧ್ಯದಲ್ಲೇ ನಿಲ್ಲಿಸಿ ನಾಲ್ಕೂ ಮೂಲೆಯ ದೀಪ ಒಟ್ಟಿಗೆ ಮಿಣುಕಿಸುವ ಗುಂಡಿ ಒತ್ತಿದ್ದು. ಅವಳ ಮೊದಲಿನ ಗಾಡಿಗಳಲ್ಲಿ ಆ ಗುಂಡಿ ಇರಲಿಲ್ಲ. ಬಾರ್ಲಿ ತುಂಬಿದ ಒಂದು ಲಾರಿ ದೂರದಿಂದಲೇ ಆ ದೀಪ ನೋಡಿ ನಿಂತಿತು. ಅದರ ಡ್ರೈವರು ಲಾರಿಯ ವೈರ್‌ಲೆಸ್ ರೇಡಿಯೋದಲ್ಲಿ ಸುದ್ದಿ ಹೇಳಿದ, ಸುದ್ದಿ ಹೊಲದಿಂದ ಹೊಲಕ್ಕೆ ದಾಟಿ ಆಂಬುಲೆನ್ಸಿಗೆ ಮುಟ್ಟಿತು. ದಾರಿ ತೋರಿಸಲು ಅವನು ಹೆದ್ದಾರಿಯ ಕಡೆ ಹೋದ. ನಮ್ಮಲ್ಲಿ ಆಂಬುಲೆನ್ಸಿನವರು ಊರಿನ ಸ್ವಯಂಸೇವಕರೇ, ಆವತ್ತು ಎಲ್ಲರೂ ಕೊಯ್ಲಿನಲ್ಲಿದ್ದರು. ಬರಲು ಹೊತ್ತು ಹಿಡಿಯಿತು.

"ಅಲ್ಲಾಡಬೇಡ ಕಣೋ ಮುಠ್ಠಾಳ" ಅಂತ ಡಲ್ಸಿ ಅಂದದ್ದು ನನಗೆ ಕೇಳಿಸಿತ್ತು. "ಹಲ್ಲೀನಾ?"

"ಹೂಂ."

"ಬದುಕ್ತಾ?"

"ಗೊತ್ತಿಲ್ಲ."

"ಬದುಕಿರುತ್ತೆ ಬಿಡು. ಅದಕ್ಕೆ ನಿನಗಿಂತ ಬುದ್ಧಿ ಇದೆ."

ತನ್ನ ಸ್ಕಾರ್ಫ್ ಬಿಚ್ಚಿ ನನ್ನ ತೊಡೆಯ ಗಾಯಕ್ಕೆ ಬಿಗಿದಳು. ಆಮೇಲೆ ನನಗೆ ಎಲ್ಲವೂ ಮಸುಕು. ನೆನಪಿರುವುದು ಒಂದು ಮರ. ಮುಖದ ಮೇಲೆ, ಎದೆಯ ಮೇಲೆ ತಂಪು ನೆರಳು ಬಿದ್ದಿತ್ತು. ಅಬ್ಬ, ಮರದ ಕೆಳಗೇ ಬಿದ್ದಿದ್ದೇನೆ, ಅದೃಷ್ಟ ನೆಟ್ಟಗಿದೆ ಅಂದುಕೊಂಡೆ. ಎಲೆ ಅಲ್ಲಾಡಿದ ಹಾಗೆ ಆ ನೆರಳು ಆಗಾಗ ಅಲ್ಲಾಡುತ್ತಿತ್ತು. ಡಲ್ಸಿಯ ದನಿ ಎಲ್ಲೋ ಮೇಲಿನಿಂದ, ನಾನು ರಿಪೇರಿ ಮಾಡಿ ಕೆಡಿಸಿದ ಗಾಡಿಗಳ ಹೆಸರೆಲ್ಲ ಹೇಳಿ ನನ್ನನ್ನು ರೇಗಿಸುತ್ತಿತ್ತು. ನಾನು ನಿದ್ದೆ ಹೋಗದಿರಲಿ ಅಂತ.

ಅಡಿಲೇಡಿನ ಆಸ್ಪತ್ರೆಯಲ್ಲಿ ತೊಡೆಗೆ ಸರಳು ಹಾಕಿದರು. ಆ ಬಿಸಿಲಲ್ಲಿ ಬಯಲಲ್ಲಿ ಬಿದ್ದಿದ್ದರೆ ಮೂಳೆಗಿಂತ ಮೊದಲು ಬಿಸಿಲೇ ನಿಮ್ಮನ್ನು ಮುಗಿಸುತ್ತಿತ್ತು ಅಂತ ಡಾಕ್ಟರಮ್ಮ ಹೇಳಿದರು. ನಾನು ಮರದ ವಿಷಯ ಹೇಳಿದೆ. ಒಳ್ಳೆಯದಾಯಿತು ಅಂದರು. ಡಲ್ಸಿ ನೋಡಲು ಬಂದಳು. ಅವಳೇಕೋ ಕೈ ಎತ್ತಿ ಹ್ಯಾಟ್ ತೆಗೆಯಲು ಕಷ್ಟಪಡುತ್ತಿದ್ದಳು. ನನ್ನ ಗಾಡಿಯ ಸ್ಥಿತಿ, ಶಾರ್ಟಿಯ ಪೆದ್ದುತನ, ಕರಡಿ ಯಾವ ಮಗುವಿಗೆ ಹೋಯಿತು ಅನ್ನುವುದೆಲ್ಲ ಮಾತಾಡಿದಳು. ಥ್ಯಾಂಕ್ಸ್ ಅನ್ನಲು ನಾನು ಬಾಯಿ ತೆರೆದಾಗಲೆಲ್ಲ ಕಿಟಕಿಯ ಹೊರಗೆ ನೋಡಿ, ಪಾರ್ಕಿಂಗ್ ಸಿಗೋದೇ ಕಷ್ಟ ಇಲ್ಲಿ ಅಂದಳು.

ನಡೆಯುವಂತಾದ ಮೇಲೆ ಒಂದು ದಿನ ಗ್ವೆನ್‌ಗೆ ಹೇಳಿದೆ, ಆ ಜಾಗಕ್ಕೆ ಕರೆದುಕೊಂಡು ಹೋಗು, ಆ ಮರವನ್ನು ಒಂದು ಸಲ ನೋಡಬೇಕು, ಮುಟ್ಟಬೇಕು. ಗ್ವೆನ್ ಏನೋ ಹೇಳಲು ಹೋಗಿ, ಹೇಳದೆ ಕಾರಿನ ಕೀಲಿ ತಗೊಂಡಳು. ಕಾರು ದಿಣ್ಣೆ ಇಳಿದು ನಿಂತಿತು. ಜಲ್ಲಿಯಲ್ಲಿ ನನ್ನ ಗಾಡಿ ಕೆರೆದ ಗುರುತು ಇನ್ನೂ ಇತ್ತು. ಊರುಗೋಲು ಊರಿಕೊಂಡು ಇಳಿದೆ, ಸುತ್ತ ನೋಡಿದೆ. ಕೂಳೆ. ತಂತಿಬೇಲಿ. ಮತ್ತೆ ಕೂಳೆ. ಕಣ್ಣು ಹಾಯುವಷ್ಟು ದೂರ ಒಂದು ಮರ ಹೋಗಲಿ, ಮೊಣಕಾಲೆತ್ತರದ ಪೊದೆ ಕೂಡ ಇರಲಿಲ್ಲ.

"ಕಡಿದು ಹಾಕಿದ್ರಾ?" ಅಂದೆ.

"ಇಲ್ಲಿ ಮರ ಇರ್ಲೇ ಇಲ್ಲ ಕ್ಲೆಮ್" ಅಂದಳು ಗ್ವೆನ್ ಕಾರಿನ ಕಿಟಕಿಯಿಂದ. "ಆಂಬುಲೆನ್ಸಿನ ನೊರೀನ್ ನಂಗೆ ಆವತ್ತೇ ಹೇಳಿದ್ಲು. ನಿಂಗೆ ಹೇಳಕೂಡದು ಅಂತ ಡಲ್ಸಿ ಆಣೆ ಹಾಕಿಸ್ಕೊಂಡಿದ್ಲು. ಅವರು ಬಂದಾಗ ಅವಳು ಬಿಸಿಲಿಗೆ ಬೆನ್ನು ಕೊಟ್ಟು, ಜಾಕೆಟ್ ಬಿಚ್ಚಿ ಎರಡೂ ಕೈಯಲ್ಲಿ ಅಗಲಿಸಿ ಹಿಡ್ಕೊಂಡು ನಿಂತಿದ್ಲಂತೆ. ಸೂರ್ಯ ಸರಿದ ಹಾಗೆ ತಾನೂ ಸರೀತಾ ಇದ್ಲಂತೆ. ಕೈ ಇಳಿಸು ಅಂದ್ರೂ ಇಳೀಲಿಲ್ವಂತೆ, ಸೆಟೆದು ಹೋಗಿತ್ತು. ನೊರೀನೇ ಮೆಲ್ಲಗೆ ಮಡಿಸಿ ಇಳಿಸಿದ್ಲು."

ನಾನು ಆ ಹೊಲದ ಮಧ್ಯೆ ನಿಂತು ಅತ್ತೆ. ಗ್ವೆನ್ ಕಾರಿನಲ್ಲೇ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ವಾಪಸು ಬರುವಾಗ ನೇರ ಡಲ್ಸಿಯ ಮನೆಗೆ ಬಿಡು ಅಂದೆ.

ಅವಳು ಶೆಡ್ಡಿನ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂತು ಆರುನೂರೈವತ್ತರ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಎಲ್ಲಿಂದ ಬರುತ್ತಿದ್ದೇನೆ ಅಂತ ಅವಳಿಗೆ ಗೊತ್ತಾಯಿತು.

"ಡಲ್ಸಿ, ಅಲ್ಲಿ ಮರ ಇಲ್ಲ."

"ಹೂಂ, ಇಲ್ಲ."

"ನಿಂಗೆ ಸೊಂಟ ನೋವು. ನೆಟ್ಟಗೆ ಒಂದು ಕಡೆ ನಿಲ್ಲಕ್ಕಾಗಲ್ಲ ನಿಂಗೆ. ಅಷ್ಟು ಹೊತ್ತು ಹೇಗೆ ನಿಂತೆ?"

ಅವಳು ಎಣ್ಣೆಯ ಡಬ್ಬಿ ಕೆಳಗಿಟ್ಟು ಬಟ್ಟೆಗೆ ಕೈ ಒರೆಸಿಕೊಂಡಳು. ಈ ಸಲ ಪಾರ್ಕಿಂಗಿನ ಮಾತೆತ್ತಲಿಲ್ಲ. ನಾನು ಹೇಳಿದೆ, ನಮ್ಮ ಕಡೆಯ ಗಂಡಸರು ಹೇಳದ ಮಾತನ್ನು ಪೂರ್ತಿ, ಅವಳ ಕಣ್ಣು ನೋಡಿಕೊಂಡೇ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಏನು ಮಾಡೋದು ಕ್ಲೆಮ್" ಅಂದಳು, "ಬಿಸಿಲಿತ್ತು."